ಪಾರ್ಲರ್ ಅಕ್ಕನ ಬೋರ್ಡಿನ ಮೇಲೆ ಯಾರದೋ ಮುಖ ಯಾಕೆ?

ಅಂತರಸಂತೆಯಂಥ ಊರಿನಲ್ಲಿ ಒಂದೇ ಕುರ್ಚಿ ಹಾಕಿಕೊಂಡು ಬ್ಯೂಟಿ ಪಾರ್ಲರ್ ನಡೆಸುವ ಅಕ್ಕನಿಗೆ ಎಂಟು ಸಾವಿರ ರೂಪಾಯಿಯ ‘ಬ್ರ್ಯಾಂಡಿಂಗ್ ಪ್ಯಾಕೇಜ್’ ಬೇಕಾಗಿಲ್ಲ. ಹಾಗಂತ ಹತ್ತೇ ನಿಮಿಷದಲ್ಲಿ ಹೊಡೆದುಕೊಡುವ, ಯಾರದೋ ಮುಖ ಅಂಟಿಸಿದ ಫ್ಲೆಕ್ಸೂ ಸಾಲದು. ಅವರಿಗೆ ಬೇಕಿರುವುದು ಒಂದು ಒಳ್ಳೆಯ ಹೆಸರು. ಅದನ್ನು ಕನ್ನಡದಲ್ಲಿ, ರಸ್ತೆ ಆಚೆಯಿಂದಲೂ ಓದಲು ಬರುವ ಹಾಗೆ ಬರೆದಿರಬೇಕು. ಆ ಬರಹದ ಮೇಲೆ ಹಕ್ಕು ಅವರದೇ ಆಗಿರಬೇಕು. ನಮ್ಮ ವಾದ ಇಷ್ಟೇ.

ಇಷ್ಟು ಸಣ್ಣ ಮಾತಿಗೆ ಇಷ್ಟುದ್ದ ಬರಹ ಯಾಕೆ ಅಂತ ಕೇಳಬಹುದು. ಈ ಸಣ್ಣ ಮಾತಿನ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳ ಸಾಲದ ದುಡ್ಡು ಹೋಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇವೆ.

ಗುರುತಿನ ಪಾಠ ನಮಗೆ ಹೇಳಬೇಡಿ

‘ಹಳ್ಳಿಯವರಿಗೆ ಬ್ರ್ಯಾಂಡಿಂಗ್ ಅಂದ್ರೇನು ಅಂತ ಗೊತ್ತಿಲ್ಲ, ಅದಕ್ಕೇ ಹಿಂದುಳಿದಿದ್ದಾರೆ’ ಅಂತ ಭಾಷಣ ಮಾಡುವವರಿದ್ದಾರೆ. ಅವರಿಗೆ ಮೊದಲು ಉತ್ತರ ಕೊಟ್ಟುಬಿಡೋಣ.

ನಿಮ್ಮ ಮನೆಯ ಸ್ಟೀಲ್ ಪಾತ್ರೆಗಳನ್ನು ಒಮ್ಮೆ ತಿರುಗಿಸಿ ನೋಡಿ. ಅಮ್ಮನ ಹೆಸರೋ, ಅಜ್ಜನ ಹೆಸರಿನ ಮೊದಲ ಅಕ್ಷರವೋ, ಮದುವೆಯ ತಾರೀಖೋ ಚುಕ್ಕೆ ಚುಕ್ಕೆಯಾಗಿ ಕೊರೆದಿರುತ್ತದೆ. ಮದುವೆ ಮನೆಯಲ್ಲಿ ನೂರು ಪಾತ್ರೆ ಒಂದೇ ಕಡೆ ತೊಳೆದರೂ ನಮ್ಮ ಚೊಂಬು ನಮಗೇ ವಾಪಸ್ ಬರುತ್ತದೆ. ಹೆಸರು ಹಾಕಿಕೊಡುವುದಕ್ಕೆ ಪಾತ್ರೆ ಅಂಗಡಿಯವರು ಪ್ಯಾಕೇಜು ಮಾರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1951–52ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಓದಲು ಬಾರದ ಕೋಟ್ಯಂತರ ಜನ ಮತ ಹಾಕಬೇಕಿತ್ತು. ಆಗ ಕಂಡುಕೊಂಡ ದಾರಿಯೇ ಚುನಾವಣಾ ಚಿಹ್ನೆ. ಅಕ್ಷರ ಬಾರದ ನಮ್ಮ ಅಜ್ಜಿಯರು ಚಿಹ್ನೆ ನೋಡಿ ಮತ ಹಾಕಿದರು. ಇವತ್ತಿಗೂ ಬೋರ್ಡು ಓದಲಾರದ ಹಿರಿಯರು ಗಂಡಭೇರುಂಡ ಕಂಡರೆ ಸರ್ಕಾರಿ ಬಸ್ಸು ಅಂತ ಕೈ ತೋರಿಸುತ್ತಾರೆ.

ಗುರುತು ಅಂದರೆ ಏನು, ಅದು ಯಾಕೆ ಬೇಕು, ಎಷ್ಟು ಸರಳವಾಗಿರಬೇಕು ಅನ್ನುವುದು ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. ಆ ಗುರುತಿಗೆ ‘ಲೋಗೋ’ ಅಂತ ಹೆಸರಿಟ್ಟು, ನಮಗೆ ಅರ್ಥವಾಗದ ವಸ್ತು ಮಾಡಿ, ನಮಗೇ ಮಾರುತ್ತಾರಲ್ಲ, ನಮ್ಮ ತಕರಾರು ಅದರ ಮೇಲೆ.

ಇನ್ನೂರು ಐಬ್ರೋ ಲೆಕ್ಕ

ಹಳ್ಳಿ ಪಾರ್ಲರಿನಲ್ಲಿ ಐಬ್ರೋ ಮಾಡಿಸಲು 40 ರೂಪಾಯಿ ಅಂತಿಟ್ಟುಕೊಳ್ಳಿ. ಎಂಟು ಸಾವಿರದ ಪ್ಯಾಕೇಜ್ ಅಂದರೆ ಇನ್ನೂರು ಜನರ ಐಬ್ರೋ. ಅದೂ ಬಾಡಿಗೆ, ಕರೆಂಟು, ದಾರ, ಪೌಡರು, ಕ್ರೀಮು ಯಾವುದಕ್ಕೂ ಒಂದು ಪೈಸೆ ತೆಗೆಯದೆ! ಮದುವೆ ಸೀಸನ್ ಬಿಟ್ಟರೆ ದಿನಕ್ಕೆ ನಾಲ್ಕೈದು ಜನ ಬರುವ ಅಂಗಡಿಗೆ ಅದು ಒಂದೂವರೆ ತಿಂಗಳ ದುಡಿಮೆ. ಮುದ್ರಾ ಯೋಜನೆಯ ‘ಶಿಶು’ ಸಾಲದ ಮಿತಿ 50,000 ರೂಪಾಯಿ. ಅದರಲ್ಲೇ ಕುರ್ಚಿ, ಕನ್ನಡಿ, ಸ್ಟೀಮರ್, ಅಡ್ವಾನ್ಸ್ ಎಲ್ಲ ಆಗಬೇಕು. ಅಂಥದ್ದರಲ್ಲಿ ಆರನೇ ಒಂದು ಪಾಲು ಲೋಗೋಗೆ ಹೋದರೆ ಬಡ್ಡಿ ಕಟ್ಟುವವರು ಯಾರು?

ಆ ಪ್ಯಾಕೇಜಿನೊಳಗೆ ಏನಿರುತ್ತದೆ? ಲೋಗೋ ಇರುತ್ತದೆ. ವಿಸಿಟಿಂಗ್ ಕಾರ್ಡ್, ಲೆಟರ್‌ಹೆಡ್, ಕವರ್, ‘ಬ್ರ್ಯಾಂಡ್ ಗೈಡ್’ ಅನ್ನುವ ಹತ್ತು ಪುಟದ ಪಿಡಿಎಫ್, ಹಬ್ಬಕ್ಕೊಂದು ವಾಟ್ಸಾಪ್ ಪೋಸ್ಟರ್ ಇರುತ್ತವೆ. ಒಂದು ಕುರ್ಚಿಯ ಪಾರ್ಲರಿಗೆ ಲೆಟರ್‌ಹೆಡ್ ಯಾಕೆ? ಅಕ್ಕ ಯಾರಿಗೆ ಕಾಗದ ಬರೆಯಬೇಕು? ಫೇಶಿಯಲ್‌ಗೆ ಬಂದವರಿಗೆ ಕವರಿನಲ್ಲಿ ಏನು ಹಾಕಿ ಕೊಡಬೇಕು?

ನಮ್ಮ ಹೋಬಳಿಯ ಒಬ್ಬ ಅಕ್ಕ ಹೇಳಿದ್ದು ಕೇಳಿ. ಫೋನಿನಲ್ಲಿ ಜಾಹೀರಾತು ನೋಡಿ ದೂರದ ಊರಿನವರಿಗೆ ದುಡ್ಡು ಕಳಿಸಿದರು. ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ಜಡೆ ಬಿಟ್ಟುಕೊಂಡ ಹೆಣ್ಣಿನ ಮುಖ, ಅದರ ಸುತ್ತ ಎಲೆ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು. ಚೆಂದವಾಗೇ ಇತ್ತು. ಬೋರ್ಡು ಮಾಡಿಸಲು ಎಚ್.ಡಿ. ಕೋಟೆಗೆ ಹೋದರೆ, ‘ಇದು ದೊಡ್ಡದು ಮಾಡಿದ್ರೆ ಒಡೆದುಹೋಗ್ತದೆ ಅಕ್ಕಾ, ಒರಿಜಿನಲ್ ಫೈಲ್ ತನ್ನಿ’ ಅಂದರು. ಫೈಲ್ ಕೇಳಿದರೆ, ಅದಕ್ಕೆ ಬೇರೆ ಚಾರ್ಜು ಅಂದರು ದುಡ್ಡು ತಗೊಂಡವರು. ಅಕ್ಕ ಕೊಡಲಿಲ್ಲ. ಆಮೇಲೆ ನೋಡಿದರೆ ಅದೇ ಜಡೆ, ಅದೇ ಎಲೆ, ಬೇರೆ ತಾಲ್ಲೂಕಿನ ಇನ್ನೊಂದು ಪಾರ್ಲರಿನ ಸ್ಟೇಟಸ್‌ನಲ್ಲೂ ಇತ್ತು. ಬದಲಾಗಿದ್ದು ಹೆಸರು ಮಾತ್ರ.

ಮಾರಿದವರಿಗೆ ಅದು ಒಂದು ಟೆಂಪ್ಲೇಟು. ಕೊಂಡ ಅಕ್ಕನಿಗೆ ಒಂದೂವರೆ ತಿಂಗಳ ದುಡಿಮೆ.

ಚಿತ್ರ ಬೇರೆ, ಫೈಲ್ ಬೇರೆ, ಹಕ್ಕು ಬೇರೆ

ಈ ಮೂರರ ವ್ಯತ್ಯಾಸ ತಿಳಿದರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ.

ವಾಟ್ಸಾಪಿನಲ್ಲಿ ಬರುವುದು ಚಿತ್ರ, ಅಂದರೆ ಫೋಟೊ ಇದ್ದ ಹಾಗೆ. ದೊಡ್ಡದು ಮಾಡಿದರೆ ಅಂಚು ಚಚ್ಚೌಕ ಚಚ್ಚೌಕವಾಗಿ ಒಡೆಯುತ್ತದೆ. ಡಿಟಿಪಿಯವರು ‘ಒರಿಜಿನಲ್’ ಅನ್ನುವುದು ಕೋರಲ್‌ಡ್ರಾ ಅಥವಾ ಇಲ್ಲಸ್ಟ್ರೇಟರ್‌ನಲ್ಲಿ ಗೆರೆಯಾಗಿ ಬಿಡಿಸಿದ ಫೈಲನ್ನು. ಅದನ್ನು ವಿಸಿಟಿಂಗ್ ಕಾರ್ಡಿಗೂ ಹಾಕಬಹುದು, ಹತ್ತಡಿ ಬೋರ್ಡಿಗೂ ಹಾಕಬಹುದು, ಅಂಚು ಒಡೆಯುವುದಿಲ್ಲ. ದುಡ್ಡು ಕೊಡುವ ಮೊದಲೇ ಕೇಳಿ: ‘ಸಿಡಿಆರ್ ಫೈಲೂ ಕೊಡ್ತೀರಾ, ಪಿಡಿಎಫ್ಫೂ ಕೊಡ್ತೀರಾ?’ ಇಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗಿ. ಫೈಲು ಸಿಕ್ಕ ಮೇಲೆ ನಿಮ್ಮ ಇಮೇಲಿಗೆ ನೀವೇ ಒಮ್ಮೆ ಕಳಿಸಿಕೊಳ್ಳಿ. ಫೋನು ನೀರಿಗೆ ಬಿದ್ದರೂ ಫೈಲು ಉಳಿಯುತ್ತದೆ.

ಮೂರನೆಯದು ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಚಿತ್ರ ಬಿಡಿಸಿದವರೇ ಸಾಮಾನ್ಯವಾಗಿ ಅದರ ಮೊದಲ ಒಡೆಯರು. ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ ಬರಹದಲ್ಲಿ ಆಗಬೇಕು. ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲ ನಮ್ಮದಾಯಿತು ಅಂದುಕೊಳ್ಳುವ ಹಾಗಿಲ್ಲ. ಹೆದರಬೇಡಿ, ವಕೀಲರು ಬೇಕಿಲ್ಲ. ರಸೀದಿಯ ಮೇಲೋ ಬಿಳಿ ಹಾಳೆಯ ಮೇಲೋ ಎರಡು ಸಾಲು ಬರೆಸಿಕೊಳ್ಳಿ: ‘ಈ ಲೋಗೋವನ್ನು ಇಂಥವರಿಗಾಗಿ ಮಾಡಿಕೊಟ್ಟಿದ್ದೇನೆ. ಇದರ ಪೂರ್ತಿ ಹಕ್ಕನ್ನು ಶಾಶ್ವತವಾಗಿ, ಎಲ್ಲ ಕಡೆಗೂ ಅನ್ವಯಿಸುವಂತೆ ಅವರಿಗೆ ಬಿಟ್ಟುಕೊಟ್ಟಿದ್ದೇನೆ.’ ಕೆಳಗೆ ತಾರೀಖು, ಕೊಟ್ಟ ಮೊತ್ತ, ಸಹಿ. ಗದ್ದೆ ಗುತ್ತಿಗೆಗೆ ಕೊಡುವಾಗ ಪತ್ರ ಮಾಡಿಸುವ ನಾವು ಹೆಸರಿಗೂ ಒಂದು ಪತ್ರ ಮಾಡಿಸಿಕೊಳ್ಳಬಾರದೇ?

ಆ ಬಿಳೀ ಮುಖ ಯಾರದು?

ಈಗ ಫ್ಲೆಕ್ಸಿನ ವಿಷಯ. ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ, ಹುಣಸೂರಿರಲಿ, ಪಿರಿಯಾಪಟ್ಟಣವಿರಲಿ, ಕೆ.ಆರ್. ನಗರವಿರಲಿ, ಕೋಟೆಯಿರಲಿ, ಪಾರ್ಲರ್ ಬೋರ್ಡು ಅಂದರೆ ಬಹುಪಾಲು ಒಂದೇ ನಮೂನೆ. ಗುಲಾಬಿ ಬಣ್ಣದ ಹಿನ್ನೆಲೆ, ಎಡಗಡೆ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಒಂದು ಬಿಳೀ ಮುಖ, ಬಲಗಡೆ ಸಣ್ಣಕ್ಷರದಲ್ಲಿ ಇಪ್ಪತ್ತು ಸೇವೆಗಳ ಪಟ್ಟಿ. ಆ ಮುಖ ಕೆಲವು ಕಡೆ ಸಿನಿಮಾ ನಟಿಯದು, ಕೆಲವು ಕಡೆ ಯಾವ ದೇಶದವಳೋ ಗೊತ್ತಿಲ್ಲದ ಮಾಡೆಲ್‌ದು.

ಮೊದಲನೆಯ ತಕರಾರು ಕಾನೂನಿನದು. ಆ ಫೋಟೊ ತೆಗೆದವರು ಬೇರೆ ಯಾರೋ, ಆ ಮುಖದವರು ಒಪ್ಪಿಗೆ ಕೊಟ್ಟಿಲ್ಲ. ಹಳ್ಳಿಗೆ ಬಂದು ಯಾರೂ ಕೇಳಲಿಕ್ಕಿಲ್ಲ. ಆದರೂ ಅದು ನಮ್ಮದಲ್ಲ.

ಎರಡನೆಯದು ಅದಕ್ಕಿಂತ ದೊಡ್ಡದು. ಅಂತರಸಂತೆಯ ಸುತ್ತಮುತ್ತಲಿನ ಊರು, ಹಾಡಿಗಳಿಂದ ಬರುವ ಹೆಣ್ಣುಮಕ್ಕಳ ಬಣ್ಣ ಆ ಬೋರ್ಡಿನಲ್ಲಿ ಎಲ್ಲಿದೆ? ರಾಗಿ ಕುಯ್ದ ಕೈ, ಹೊಗೆಸೊಪ್ಪಿನ ಹೊಲದ ಬಿಸಿಲಿನಲ್ಲಿ ಬೆಂದ ಮುಖ ನಮ್ಮದು. ಅಂಗಡಿ ಬಾಗಿಲಲ್ಲೇ ಆ ಬಿಳೀ ಮುಖ ನಿಲ್ಲಿಸಿ ‘ನೀನು ಹೀಗಿಲ್ಲ’ ಅಂತ ಹೇಳಿ ಒಳಗೆ ಕರೆಯುವುದು ಯಾವ ಸೌಂದರ್ಯ? ಬೆಳ್ಳಗಾಗುವ ಆಸೆ ಮಾರಿಯೇ ದೇಶಕ್ಕೆಲ್ಲ ಪರಿಚಯವಾದ ‘ಫೇರ್ ಅಂಡ್ ಲವ್ಲಿ’ ಕೂಡ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಅನ್ನುವ ಪದ ಕಿತ್ತು ‘ಗ್ಲೋ ಅಂಡ್ ಲವ್ಲಿ’ ಆಯಿತು. ಅಷ್ಟು ದೊಡ್ಡ ಕಂಪನಿಗೇ ಆ ಪದ ಹೊರಲಾರದ ಹೊರೆಯಾಯಿತು. ನಮ್ಮ ಬಸ್‌ಸ್ಟ್ಯಾಂಡ್ ಫ್ಲೆಕ್ಸಿನಲ್ಲಿ ಅದೇ ಆಸೆ ಇನ್ನೂ ಜೋತಾಡುತ್ತಿದೆ.

ಮೂರನೆಯದು, ಆ ಮುಖ ಅಕ್ಕನ ಕೆಲಸವನ್ನು ಮುಚ್ಚಿಬಿಡುತ್ತದೆ. ಮದುಮಗಳಿಗೆ ಮೊಗ್ಗಿನ ಜಡೆ ಹಾಕುವುದು ಅಕ್ಕ. ಜನ ಹುಡುಕಿಕೊಂಡು ಬರುವುದು ಅವರ ಕೈಯನ್ನು. ಬೋರ್ಡಿನಲ್ಲಿ ಮಾತ್ರ ಪಕ್ಕದ ಅಂಗಡಿಯ ಫ್ಲೆಕ್ಸಿನಲ್ಲಿರುವ ಅದೇ ಮಾಡೆಲ್. ಎರಡು ಅಂಗಡಿಗೂ ಒಂದೇ ಮುಖ ಇದ್ದರೆ ಅದು ಗುರುತು ಹೇಗಾದೀತು?

ಫ್ಲೆಕ್ಸು ಅಗ್ಗ ಅನ್ನುತ್ತಾರೆ. ಹೌದು, ಚದರ ಅಡಿಗೆ ಹತ್ತಿಪ್ಪತ್ತು ರೂಪಾಯಿಯಲ್ಲಿ ಮುಗಿಯುತ್ತದೆ. ಎರಡು ಬೇಸಿಗೆ ಬಿಸಿಲು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮುಖ ಬಿಳಚಿಕೊಂಡು, ಅಂಚು ಹರಿದು, ಮತ್ತೆ ಮಾಡಿಸಬೇಕು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿದಾಗ ಫ್ಲೆಕ್ಸು ಕೂಡ ಆ ಪಟ್ಟಿಯಲ್ಲಿತ್ತು. ಆ ನಿಷೇಧ ನಮ್ಮ ರಸ್ತೆಗಳಲ್ಲಿ ಎಷ್ಟು ಉಳಿದಿದೆ ಅನ್ನುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಬೋರ್ಡ್ ಬರೆಯುವವರನ್ನು ಮತ್ತೆ ಕರೆಯಿರಿ

ಹಾಗಾದರೆ ಅಗ್ಗಕ್ಕೆ ಒಳ್ಳೆಯ ಲೋಗೋ ಎಲ್ಲಿ ಸಿಗುತ್ತದೆ? ನಮ್ಮ ಉತ್ತರ ಇದು: ಕನ್ನಡ ಅಕ್ಷರವೇ ಲೋಗೋ. ಅದನ್ನು ಬರೆಯಬಲ್ಲ ಕೈ ನಮ್ಮ ತಾಲ್ಲೂಕಿನಲ್ಲೇ ಇದೆ.

ಫ್ಲೆಕ್ಸು ಬರುವ ಮೊದಲು ನಮ್ಮ ಅಂಗಡಿ, ಶಾಲೆ, ಹಾಲಿನ ಡೈರಿ, ಲಾರಿಯ ಹಿಂಬದಿ ಎಲ್ಲವನ್ನೂ ಬರೆದವರು ಬೋರ್ಡ್ ಬರೆಯುವ ಕಲಾವಿದರು. ಫ್ಲೆಕ್ಸು ಅವರ ಅನ್ನ ಕಿತ್ತುಕೊಂಡಿತು. ಕೆಲವರು ಮನೆಗೆ ಸುಣ್ಣಬಣ್ಣ ಹೊಡೆಯುವ ಕೂಲಿಗೆ ಹೋದರು. ಈಗಲೂ ಗಾಡಿ ನಂಬರು, ಶಾಲೆಯ ಗೋಡೆ ಬರೆಯುವ ಒಬ್ಬಿಬ್ಬರು ಎಲ್ಲ ಪಟ್ಟಣದಲ್ಲೂ ಸಿಗುತ್ತಾರೆ. ಅವರನ್ನು ಹುಡುಕಿ. ಒಂದು ತಗಡು, ಎನಾಮಲ್ ಬಣ್ಣ, ಒಂದೆರಡು ದಿನದ ಕೂಲಿ. ಇಷ್ಟರಲ್ಲಿ ಆಗುವ ಬೋರ್ಡು ಫ್ಲೆಕ್ಸಿಗಿಂತ ಹೆಚ್ಚು ವರ್ಷ ಬಾಳುತ್ತದೆ, ಮಾಸಿದ ಕಡೆ ಮತ್ತೆ ಬಣ್ಣ ತೀಡಬಹುದು. ಎಲ್ಲಕ್ಕಿಂತ ಮುಖ್ಯ, ಅವರು ಬರೆದ ಅಕ್ಷರ ಪ್ರಪಂಚದಲ್ಲಿ ಇನ್ನೊಂದು ಇರುವುದಿಲ್ಲ.

ಆ ಬೋರ್ಡೇ ನಿಮ್ಮ ಲೋಗೋ. ನೆಟ್ಟಗೆ ಎದುರು ನಿಂತು ಒಂದು ಫೋಟೊ ತೆಗೆಯಿರಿ. ಹ್ಯಾಂಡ್‌ಪೋಸ್ಟಿನಲ್ಲೋ ಕೋಟೆಯಲ್ಲೋ ಡಿಟಿಪಿ ಮಾಡುವ ಹುಡುಗನಿಗೆ ಕೊಟ್ಟು, ಅದರ ಮೇಲೆ ಗೆರೆ ಎಳೆಸಿ ಫೈಲು ಮಾಡಿಸಿಕೊಳ್ಳಿ. ಕಾರ್ಡು, ಬಿಲ್ಲು, ವಾಟ್ಸಾಪಿನ ದುಂಡು ಫೋಟೊ ಎಲ್ಲಕ್ಕೂ ಅದೇ. ಬರೆದವರಿಗೂ, ಗೆರೆ ಎಳೆದವರಿಗೂ ಕೂಲಿ ಕೊಡಿ. ಮೇಲೆ ಹೇಳಿದ ಎರಡು ಸಾಲು ಇಬ್ಬರಿಂದಲೂ ಬರೆಸಿಕೊಳ್ಳಿ. ಪ್ಯಾಕೇಜಿಗಿಂತ ಎಷ್ಟೋ ಕಮ್ಮಿಗೆ ಆಗುತ್ತದೆ, ಆ ದುಡ್ಡೂ ನಮ್ಮ ತಾಲ್ಲೂಕಿನಲ್ಲೇ ಉಳಿಯುತ್ತದೆ.

ಕನ್ನಡ ಅಕ್ಷರದಲ್ಲಿ ಚೆಲುವಿಲ್ಲ ಅನ್ನುವವರು ಅದರ ಅಂಗಾಂಗದ ಹೆಸರು ನೆನಪಿಸಿಕೊಳ್ಳಲಿ. ತಲೆಕಟ್ಟು, ಕೊಂಬು, ವಟ್ರಸುಳಿ. ಪಾರ್ಲರಿಗಾಗಿಯೇ ಹುಟ್ಟಿದ ಲಿಪಿಯೇನೋ ಅನ್ನಿಸುತ್ತದೆ! ತಲೆಕಟ್ಟಿಗೆ ಒಂದು ಮಲ್ಲಿಗೆ ಮೊಗ್ಗು, ಕೊಂಬಿನ ತುದಿಗೆ ಒಂದು ಜಡೆಕುಚ್ಚು, ಸೊನ್ನೆಯ ಜಾಗದಲ್ಲಿ ಒಂದು ಹಣೆಬೊಟ್ಟು. ಒಂದೇ ಒಂದು ಸಾಕು. ಮೂರೂ ಬೇಡ.

ಬರೆಯುವವರು ಸಿಗಲೇ ಇಲ್ಲವೆಂದರೆ ಫಾಂಟುಗಳಿವೆ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಫಾಂಟುಗಳು. ವ್ಯಾಪಾರಕ್ಕೆ ಬಳಸಿದರೂ ಯಾರಿಗೂ ದುಡ್ಡು ಕೊಡಬೇಕಿಲ್ಲ. ಕ್ಯಾನ್ವಾದಲ್ಲಿ ಮಗಳೋ ತಮ್ಮನೋ ಮಾಡಿಕೊಡುತ್ತೇನೆ ಅಂದರೆ ಮಾಡಲಿ, ಆದರೆ ಸಿದ್ಧ ಟೆಂಪ್ಲೇಟು ಮುಟ್ಟಬೇಡಿ. ಅದೇ ಟೆಂಪ್ಲೇಟನ್ನು ಇನ್ನು ಯಾರು ಬೇಕಾದರೂ ಬಳಸಬಹುದು. ಹಾಗಾಗಿ ಅದನ್ನು ‘ನನ್ನದು’ ಅಂತ ನೋಂದಾಯಿಸಿಕೊಳ್ಳಲು ಆಗುವುದಿಲ್ಲ. ಎಐ ಹತ್ತಿರ ಬರೆಸಿದರೆ ಒತ್ತಕ್ಷರಗಳನ್ನು ಒಂದೊಂದಾಗಿ ಓದಿ ನೋಡಿ. ‘ಸೌಂದರ್ಯ’ದ ಅರ್ಕಾವತ್ತು ಎಲ್ಲಿಗಾದರೂ ಹಾರಿರಬಹುದು.

ಸರಳವಾಗಿದೆಯೇ ಅಂತ ಪರೀಕ್ಷೆ ಮಾಡುವುದು ಸುಲಭ. ಫೋನಿನ ವಾಟ್ಸಾಪ್ ಪಟ್ಟಿಯಲ್ಲಿ ಕಾಣುವ ಬಟಾಣಿಯಷ್ಟು ದುಂಡಿನಲ್ಲಿ ಗುರುತು ಸಿಗಬೇಕು. ಒಂದೇ ಬಣ್ಣದಲ್ಲಿ ಜೆರಾಕ್ಸ್ ಮಾಡಿದರೂ ಗುರುತು ಸಿಗಬೇಕು. ಓಡುವ ಬಸ್ಸಿನ ಕಿಟಕಿಯಿಂದ ನೋಡಿದವರಿಗೂ ಸಿಗಬೇಕು. ಈ ಮೂರರಲ್ಲಿ ಪಾಸಾದರೆ ಅದು ಒಳ್ಳೆಯ ಲೋಗೋ.

‘ಇಂಗ್ಲಿಷಿನಲ್ಲಿದ್ರೇನೇ ಜನ ಬರೋದು’

ಈ ಮಾತು ನಾವು ತುಂಬ ಕೇಳಿದ್ದೇವೆ. ಬಾವಲಿ ಕಡೆಗೆ ಹೋಗುವ ರಸ್ತೆ, ಕಬಿನಿಯ ರೆಸಾರ್ಟಿಗೆ ಬರುವ ಪ್ರವಾಸಿಗಳು, ಕೇರಳದ ಗಾಡಿಗಳು, ಅವರಿಗೆ ಕನ್ನಡ ಬರುತ್ತದೆಯೇ ಅನ್ನುತ್ತಾರೆ. ಒಂದೇ ಪ್ರಶ್ನೆ: ಸಫಾರಿಗೆ ಬಂದವರು ಅಂತರಸಂತೆಯಲ್ಲಿ ಗಾಡಿ ನಿಲ್ಲಿಸಿ ಐಬ್ರೋ ಮಾಡಿಸಿಕೊಳ್ಳುತ್ತಾರೆಯೇ? ಒಳಗೆ ಬರುವವರು ನಮ್ಮೂರಿನ ಕಾಲೇಜು ಹುಡುಗಿಯರು, ಅಂಗನವಾಡಿ ಟೀಚರು, ಮದುವೆ ಮನೆಯವರು. ಬೋರ್ಡು ಅವರ ಭಾಷೆಯಲ್ಲಿರಲಿ. ಇಂಗ್ಲಿಷೂ ಬೇಕೆಂದರೆ ಕೆಳಗೆ ಸಣ್ಣದಾಗಿ ಹಾಕಿಕೊಳ್ಳಿ.

ಕಾನೂನೂ ಅದನ್ನೇ ಹೇಳುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಅನುಮತಿ ಪಡೆದು ನಡೆಯುವ ಅಂಗಡಿ ಮುಂಗಟ್ಟುಗಳ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ದೂರದ ಊರಿನವರು ಇಂಗ್ಲಿಷ್ ಲೋಗೋ ಮಾರುವಾಗ ಇದನ್ನು ಹೇಳುತ್ತಾರೆಯೇ? ಹೇಳುವುದಿಲ್ಲ. ನಾಳೆ ನೋಟಿಸು ಬಂದರೆ ಬೋರ್ಡು ಬದಲಾಯಿಸುವ ಖರ್ಚು ಅಕ್ಕನದೇ.

ನಮ್ಮತನದ ಗುರುತು ನಿಲ್ಲುವುದಿಲ್ಲ ಅನ್ನುವವರು ಬಚ್ಚಲುಮನೆಗೆ ಹೋಗಿ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ನೋಡಲಿ. ಅದರ ಮೇಲಿರುವ ಪ್ರಾಣಿ ಶರಭ. ಸಿಂಹದ ಮೈ, ಆನೆಯ ತಲೆ, ನಮ್ಮ ಪುರಾಣದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಆ ಸೋಪಿಗೆ ಆ ಗುರುತನ್ನೂ, ಒಡವೆ ಪೆಟ್ಟಿಗೆಯಂಥ ಡಬ್ಬಿಯನ್ನೂ ಆರಿಸಿದವರು ಸೋಪಿನ ತಜ್ಞ ಎಸ್.ಜಿ. ಶಾಸ್ತ್ರಿ. ನೂರು ವರ್ಷ ದಾಟಿದ ಮೇಲೂ ಶರಭ ಹಾಗೇ ಇದೆ. ಅಂದ, ಚೆಂದ, ಸುವಾಸನೆ ಮಾರುವ ವ್ಯಾಪಾರದಲ್ಲೇ ನಮ್ಮ ನೆಲದ ಗುರುತು ಇಷ್ಟು ಕಾಲ ಗೆದ್ದು ನಿಂತಿರುವಾಗ, ಪಾರ್ಲರಿನ ಬೋರ್ಡಿಗೆ ಪರದೇಶದ ಮುಖ ಯಾಕೆ?

‘ಡಿಸೈನ್ ಮಾಡೋರ ಹೊಟ್ಟೆ ಮೇಲೆ ಹೊಡೀತೀರಾ?’

ಇಲ್ಲ. ಈ ಮಾತಿಗೆ ಸರಿಯಾಗೇ ಉತ್ತರ ಕೊಡಬೇಕು. ನಾವೂ ಡಿಪ್ಲೊಮಾದಲ್ಲಿ ಪುಟ ಕಟ್ಟುವುದು ಕಲಿತವರು. ಅಕ್ಷರ ಕೂರಿಸಲು ಎಷ್ಟು ಹೊತ್ತು ಬೇಕು, ಕಣ್ಣು ಎಷ್ಟು ಉರಿಯುತ್ತದೆ ಅಂತ ನಮಗೆ ಗೊತ್ತು. ‘ಹೆಸರು ತಾನೇ ಹಾಕೋದು, ಅದಕ್ಕೆಂಥ ದುಡ್ಡು?’ ಅನ್ನುವ ಗಿರಾಕಿಗಳ ಮೇಲೂ ನಮಗೆ ಸಿಟ್ಟಿದೆ. ಡಿಟಿಪಿ ಹುಡುಗನ ಪಕ್ಕ ಕೂತು ಹತ್ತು ಸಲ ಬಣ್ಣ ಬದಲಾಯಿಸಿ, ಕೊನೆಗೆ ಪ್ರಿಂಟಿನ ದುಡ್ಡು ಮಾತ್ರ ಕೊಟ್ಟು ಏಳುವುದು ಅನ್ಯಾಯ. ಐಬ್ರೋ ಮಾಡಿಸಿಕೊಂಡು ದಾರದ ದುಡ್ಡು ಮಾತ್ರ ಕೊಟ್ಟರೆ ಅಕ್ಕ ಒಪ್ಪುತ್ತಾರೆಯೇ?

ಆದ್ದರಿಂದ ಕೆಲಸಕ್ಕೆ ಕೂಲಿ ಕೊಡಿ. ಮೊದಲೇ ಮಾತಾಡಿಕೊಳ್ಳಿ: ಎಷ್ಟು ನಮೂನೆ ತೋರಿಸುತ್ತೀರಿ, ಎಷ್ಟು ಸಲ ತಿದ್ದಿಕೊಡುತ್ತೀರಿ, ಯಾವ ಫೈಲು ಕೊಡುತ್ತೀರಿ, ಒಟ್ಟು ಎಷ್ಟು. ಅರ್ಧ ಮುಂಗಡ, ಅರ್ಧ ಫೈಲು ಕೈಗೆ ಬಂದ ಮೇಲೆ. ನಮ್ಮ ಜಗಳ ಕೆಲಸ ಮಾಡುವವರ ಜೊತೆ ಅಲ್ಲ. ಒಂದೇ ಟೆಂಪ್ಲೇಟನ್ನು ನೂರು ಜನರಿಗೆ ಮಾರಿ ಅದಕ್ಕೆ ‘ಬ್ರ್ಯಾಂಡ್’ ಅಂತ ಹೆಸರಿಡುವವರ ಜೊತೆ.

ಬೋರ್ಡಿನ ಹಿಂದಿರುವ ಹೆಸರು

ಲೋಗೋ ಸಿಕ್ಕಿತು ಅಂದ ಮಾತ್ರಕ್ಕೆ ಬ್ರ್ಯಾಂಡ್ ಆಗಲಿಲ್ಲ. ಗೋಡೆಯ ಮೇಲಿನ ಕ್ಯೂಆರ್ ಕೋಡು ಸ್ಕ್ಯಾನ್ ಮಾಡಿ ನೋಡಿ. ಯಾರ ಹೆಸರು ಬರುತ್ತದೆ? ಎಷ್ಟೋ ಕಡೆ ಬೋರ್ಡಿನ ಮೇಲೆ ಅಕ್ಕನ ಹೆಸರು, ಕ್ಯೂಆರ್‌ನಲ್ಲಿ ಯಜಮಾನರ ಹೆಸರು. ದುಡಿಮೆ ಅಕ್ಕನದು, ಬ್ಯಾಂಕಿನ ಲೆಕ್ಕ ಯಜಮಾನರದು. ನಾಳೆ ದೊಡ್ಡ ಸಾಲಕ್ಕೆ ಹೋದರೆ, ಇಷ್ಟು ವರ್ಷ ದುಡಿದಿದ್ದಕ್ಕೆ ಅಕ್ಕನ ಹತ್ತಿರ ಒಂದು ಸಾಲಿನ ದಾಖಲೆಯೂ ಇರುವುದಿಲ್ಲ. ಲೋಗೋಗೆ ಸಾವಿರ ಖರ್ಚು ಮಾಡುವ ಮೊದಲು ತಮ್ಮ ಖಾತೆಗೆ ತಮ್ಮ ಹೆಸರಿನ ಕ್ಯೂಆರ್ ಹಾಕಿಸಿಕೊಳ್ಳಲಿ. ಅದಕ್ಕಿಂತ ದೊಡ್ಡ ಬ್ರ್ಯಾಂಡಿಂಗ್ ಇಲ್ಲ.

ಆಮೇಲೆ ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ನಡೆಯುತ್ತಿರುವ ಈ ನೋಂದಣಿಗೆ ಸರ್ಕಾರ ಒಂದು ರೂಪಾಯಿಯೂ ಶುಲ್ಕ ತೆಗೆದುಕೊಳ್ಳುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸುವುದೂ ಉಚಿತ, ವಾಟ್ಸಾಪ್ ಬಿಸಿನೆಸ್ ಆ್ಯಪೂ ಉಚಿತ. ಇವುಗಳ ಹೆಸರಲ್ಲಿ ಫೋನ್ ಮಾಡಿ ‘ಸರ್ಕಾರಿ ಫೀಸು’, ‘ಗೂಗಲ್ ಫೀಸು’ ಅಂತ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ. ಹತ್ತಿರದ ಸೈಬರ್ ಸೆಂಟರಿನವರು ಕೂತು ಮಾಡಿಕೊಟ್ಟರೆ ಅವರ ಸಮಯದ ಕೂಲಿ ಕೊಡಿ, ಅದು ಬೇರೆ.

ಟ್ರೇಡ್‌ಮಾರ್ಕ್ ಮಾಡಿಸದಿದ್ದರೆ ಅಂಗಡಿ ಮುಚ್ಚಿಸುತ್ತಾರೆ ಅಂತ ಹೆದರಿಸುವವರೂ ಇದ್ದಾರೆ. ಸುಳ್ಳು. ಟ್ರೇಡ್‌ಮಾರ್ಕ್ ಕಡ್ಡಾಯವಲ್ಲ. ಮಾಡಿಸುವುದಾದರೆ ಬ್ಯೂಟಿ ಸೇವೆ 44ನೇ ವರ್ಗದಲ್ಲಿ ಬರುತ್ತದೆ. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ ಆದರೆ ಹತ್ತು ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಎರಡನೇ ಅಂಗಡಿ ತೆರೆಯುವ ದಿನ ಬಂದರೆ ಯೋಚಿಸಿ. ನೋಂದಣಿ ಆಗದೆ ಹೆಸರಿನ ಪಕ್ಕ ವೃತ್ತದೊಳಗಿನ ‘ಆರ್’ ಗುರುತು ಮಾತ್ರ ಹಾಕಬೇಡಿ. ಅದು ಕಾನೂನಿಗೆ ವಿರುದ್ಧ.

ಇನ್ನೊಂದು ಬೋರ್ಡು ಬಾಗಿಲ ಹೊರಗಲ್ಲ, ಒಳಗೆ ಬೇಕು. ದರಪಟ್ಟಿ. ಕೂಲಿ ದುಡ್ಡು ಕಟ್ಟಿಕೊಂಡು ಬಂದ ಹುಡುಗಿ ‘ಒಳಗೆ ಹೋದ್ರೆ ಎಷ್ಟು ಕೇಳ್ತಾರೋ’ ಅಂತ ಬಾಗಿಲಲ್ಲೇ ಹಿಂಜರಿಯುತ್ತಾಳೆ. ಕನ್ನಡದಲ್ಲಿ ದಪ್ಪಕ್ಷರದಲ್ಲಿ ದರ ಬರೆದು ಹಾಕಿದರೆ ಅವಳು ಒಳಗೆ ಬಂದು ಕೂರುತ್ತಾಳೆ. ಎಲ್ಲರಿಗೂ ಒಂದೇ ದರ, ಯಾವ ಕೇರಿಯವರಾದರೂ ಅದೇ ಕುರ್ಚಿ. ಊರಿನಲ್ಲಿ ಹೆಸರು ನಿಲ್ಲುವುದು ಇದರಿಂದ.

ಕೇಳಬೇಕಾದವರನ್ನು ಕೇಳೋಣ

ಎಲ್ಲವನ್ನೂ ಅಕ್ಕನ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳಲು ನಾವು ಬರೆಯುತ್ತಿಲ್ಲ.

ಉಪ್ಪಿನಕಾಯಿ, ಹಪ್ಪಳ ಮಾಡುವ ಸ್ವಸಹಾಯ ಸಂಘಗಳಿಗೆ ಕೇಂದ್ರದ ಕಿರು ಆಹಾರ ಉದ್ದಿಮೆ ಯೋಜನೆಯಲ್ಲಿ ಬ್ರ್ಯಾಂಡಿಂಗ್ ಖರ್ಚಿನ ಅರ್ಧದವರೆಗೆ ನೆರವಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿ ಇದೆ. ಉಪಕರಣಕ್ಕೆ 15,000 ರೂಪಾಯಿ, ಕಮ್ಮಿ ಬಡ್ಡಿಯ ಸಾಲ, ಮಾರುಕಟ್ಟೆಗೆ ನೆರವು ಎಲ್ಲ ಇದೆ. ಅದು ನ್ಯಾಯವೇ, ಯಾರೂ ತಕರಾರು ಮಾಡುವುದಿಲ್ಲ. ಆದರೆ ಆ 18ರ ಪಟ್ಟಿಯಲ್ಲಿ ಬ್ಯೂಟಿಷಿಯನ್ ಇಲ್ಲ. ಕತ್ತರಿ ಹಿಡಿದ ಅಣ್ಣನ ಕೈ ಕಸುಬು, ದಾರ ಹಿಡಿದ ಅಕ್ಕನ ಕೈ ಶೋಕಿಯೇ? ನಮ್ಮ ಶಾಸಕರು, ಸಂಸದರು ಇದಕ್ಕೆ ಉತ್ತರ ಹೇಳಲಿ.

ಮೈಸೂರಿನಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಮಾದರಿಯನ್ನೇ ಅನುಸರಿಸಿ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಕೇಂದ್ರಗಳು ಬಂದವು. ಇಂಥ ಕೇಂದ್ರಗಳಲ್ಲಿ ಪಾರ್ಲರ್ ತರಬೇತಿ ಉಚಿತ. ಆ ತರಬೇತಿಯ ಕೊನೆಯ ದಿನ ಸರ್ಟಿಫಿಕೇಟಿನ ಜೊತೆ ಎಲ್ಲ ಹೆಣ್ಣುಮಕ್ಕಳ ಕೈಗೂ ತಮ್ಮ ಅಂಗಡಿಯ ಹೆಸರು ಬರೆದ ಫೈಲು, ತಮ್ಮ ಹೆಸರಿನ ಕ್ಯೂಆರ್, ಉದ್ಯಮ್ ಸಂಖ್ಯೆ ಇರಲಿ. ಒಂದು ದಿನದ ಕೆಲಸ ಅದು.

ಅದೇ ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ನಮ್ಮ ಕಾವಾ, ಇದೆ. ಅಲ್ಲಿ ಕಲಿಯುವ ಮಕ್ಕಳಲ್ಲಿ ಹಳ್ಳಿಯಿಂದ ಹೋದವರೂ ಇದ್ದಾರೆ. ವರ್ಷಕ್ಕೊಂದು ಹೋಬಳಿ ಆರಿಸಿಕೊಂಡು, ಬೋರ್ಡ್ ಬರೆಯುವ ಹಿರಿಯರನ್ನು ಜೊತೆಗಿಟ್ಟುಕೊಂಡು, ಹೆಣ್ಣುಮಕ್ಕಳ ಅಂಗಡಿಗಳಿಗೆ ಹೆಸರು ಬರೆದುಕೊಡುವುದನ್ನೇ ಒಂದು ಪ್ರಾಜೆಕ್ಟ್ ಮಾಡಿಕೊಳ್ಳಬಾರದೇ? ಬಣ್ಣದ ಖರ್ಚು ಪಂಚಾಯಿತಿ ಕೊಡಲಿ. ಮೊದಲ ಹೋಬಳಿ ಅಂತರಸಂತೆ ಆಗಲಿ.

ಅಲ್ಲಿಯವರೆಗೆ ಪಾರ್ಲರ್ ಅಕ್ಕಂದಿರಿಗೆ ನಮ್ಮ ಮಾತು ಇಷ್ಟೇ. ಮುಂದಿನ ಸಲ ಫೋನಿನಲ್ಲಿ ‘ಮೇಡಂ, ನಿಮ್ಮ ಬ್ರ್ಯಾಂಡ್‌ಗೆ ಲೋಗೋ ಬೇಡ್ವಾ?’ ಅಂತ ಯಾರಾದರೂ ಕೇಳಿದರೆ ಮೂರು ಪ್ರಶ್ನೆ ವಾಪಸ್ ಕೇಳಿ. ಕನ್ನಡದಲ್ಲಿ ಬರೆದುಕೊಡ್ತೀರಾ? ಒರಿಜಿನಲ್ ಫೈಲು ಕೊಡ್ತೀರಾ? ಹಕ್ಕು ನನ್ನದು ಅಂತ ಬರೆದು ಸಹಿ ಹಾಕ್ತೀರಾ? ಮೂರಕ್ಕೂ ಹೌದು ಅಂದರೆ ರೇಟು ಮಾತಾಡಿ. ಒಂದಕ್ಕೆ ಇಲ್ಲ ಅಂದರೂ ಫೋನ್ ಇಟ್ಟು, ಬೋರ್ಡ್ ಬರೆಯುವವರ ಮನೆ ಎಲ್ಲಿ ಅಂತ ವಿಚಾರಿಸಿ.